ಐವತ್ತು ಪಟ್ಟಿಗಳ ಮೇಲೂ ಗುಲಾಬಿ

ನನ್ನ ಮಾವ ಹಲ್ಲು ಕಟ್ಟುವವರು. ಹಲ್ಲು ಕೀಳುವುದು ಡಾಕ್ಟರ ಕೆಲಸ. ಕಿತ್ತ ಮೇಲೆ ಬೋಳಾದ ಬಾಯಿಗೆ ಸೆಟ್ಟು ಮಾಡಿಕೊಡುವುದು ಇವರ ಕೆಲಸ. ಔಷಧಿ ಅಂಗಡಿಯ ಹಿಂದೆ, ಒಂದೇ ಕಿಟಕಿಯ ಕೋಣೆಯಲ್ಲಿ ಮೂವತ್ತೆರಡು ವರ್ಷದಿಂದ ಕೂತಿದ್ದಾರೆ. ‘ಹಲ್ಲಿಗೊಂದು ವರ್ಷ’ ಎಂದು ಅವರೇ ಹೇಳಿಕೊಳ್ಳುತ್ತಾರೆ. ಆ ಕೋಣೆಯ ಬಾಗಿಲ ಹಿಡಿ, ರೇಡಿಯೊ, ಚಹಾದ ಲೋಟ ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. ಸಂಜೆ ಮನೆಗೆ ಬರುವಾಗ ಹುಬ್ಬಿನ ಮೇಲೂ ಅಷ್ಟು ಪುಡಿ ಇರುತ್ತದೆ. ಹಾಗಾಗಿ ಅವರ ಹುಬ್ಬು ನಿಜವಾಗಿ ಯಾವಾಗ ನರೆಯಿತು ಎಂಬುದು ಅತ್ತೆಗೂ ಗೊತ್ತಿಲ್ಲ.

ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋಗಬಾರದು. ಮಾವನ ವಿದ್ಯೆಯೆಲ್ಲ ಇಷ್ಟೇ ಎಂದು ಮಾವನೇ ಹೇಳುತ್ತಾರೆ. ಅದಕ್ಕಾಗಿ ಪ್ರತಿ ಸೆಟ್ಟಿನ ಒಳಬದಿಯಲ್ಲಿ, ನಾಲಿಗೆಗೆ ತಾಗದ ಕಡೆ, ಸಣ್ಣ ಕಚ್ಚುಗಳನ್ನು ಕೊರೆಯುತ್ತಾರೆ. ಎರಡು ಕಚ್ಚು, ಸ್ವಲ್ಪ ಜಾಗ, ಮತ್ತೆ ಮೂರು ಕಚ್ಚು ಎಂದರೆ ಇಂಥವರದು. ಶಾಯಿ ಅಳಿಸುತ್ತದೆ, ಕಾಗದ ಕಳೆಯುತ್ತದೆ, ಕಚ್ಚು ಮಾತ್ರ ಹೋಗುವುದಿಲ್ಲ.

ಅವರ ಗುಲಾಬಿ ಗಿಡಗಳಿಗೂ ಇದೇ ಪದ್ಧತಿ. ಮನೆಯ ಹಿಂದಿನ ಅಂಗಳದಲ್ಲಿ ನಲವತ್ತೇಳು ಕುಂಡಗಳಿದ್ದವು. ಒಂದೊಂದರಲ್ಲೂ ಒಂದೊಂದು ಜಾತಿ. ಯಾರದೋ ಗೋಡೆಯಿಂದ, ಯಾವುದೋ ಹಳೆಯ ಬಂಗಲೆಯ ಬೇಲಿಯಿಂದ ಕೇಳಿ ತಂದ ಕಡ್ಡಿ. ಸೆಟ್ಟು ಮಾಡುವಾಗ ಒಡೆದು ಉಳಿಯುವ, ವಸಡಿನ ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನ ತುಂಡುಗಳ ಮೇಲೆ ಕಚ್ಚು ಕೊರೆದು ಪ್ರತಿ ಕುಂಡಕ್ಕೂ ಒಂದೊಂದು ಚುಚ್ಚುತ್ತಿದ್ದರು. ಯಾವ ಕಚ್ಚು ಯಾವ ಗಿಡ ಎಂಬುದೆಲ್ಲ ತಲೆಯಲ್ಲೇ. ಹೊಸಬರು ನೋಡಿದರೆ, ಮಣ್ಣಿನೊಳಗೆ ಯಾರನ್ನೋ ಹೂತಿದ್ದಾರೆ, ದವಡೆ ಮಾತ್ರ ಹೊರಗಿದೆ ಎನ್ನುವ ಹಾಗೆ ಕಾಣುತ್ತಿತ್ತು.

“ಬಂದೋರೆಲ್ಲ ಗಿಡಕ್ಕೂ ಹಲ್ಲು ಬರುತ್ತಾ ಅಂತ ಕೇಳ್ತಾರೆ” ಎಂದು ಅತ್ತೆ ಗೊಣಗುತ್ತಿದ್ದರು.

“ಬರುತ್ತೆ, ನಿನಗೆ ಬಂದಿಲ್ವಾ? ಮಾತಾಡೋವಾಗ ಕಾಣುತ್ತೆ” ಎನ್ನುತ್ತಿದ್ದರು ಮಾವ.

ನಾನು ಆ ಮನೆಗೆ ಅಳಿಯನಾಗಿ ಬಂದ ವರ್ಷ, ನವೆಂಬರ್ ಕೊನೆಯ ಭಾನುವಾರ, ಊಟದ ಮೇಜಿನ ಮೇಲೆ ಖಾಲಿ ಪ್ಲಾಸ್ಟರ್ ಡಬ್ಬ ಬಂತು. ಆ ಮನೆಯ ಪದ್ಧತಿ ಅದು. ಕ್ರಿಸ್ಮಸ್‌ಗೆ ತಮಗೆ ಏನು ಬೇಕೆಂದು ಪ್ರತಿಯೊಬ್ಬರೂ ಚೀಟಿ ಬರೆದು ಡಬ್ಬಕ್ಕೆ ಹಾಕಬೇಕು. ಆಮೇಲೆ ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತಬೇಕು. ಯಾರ ಚೀಟಿ ಯಾರಿಗೆ ಬಂತು ಎಂದು ಬಾಯಿ ಬಿಡುವಂತಿಲ್ಲ.

“ನಮ್ಮಪ್ಪನ ಚೀಟಿ ಬಂದ್ರೆ ನಿಮ್ಮ ಹಣೆಬರಹ” ಎಂದು ನನ್ನ ಹೆಂಡತಿ ಮೊದಲೇ ಎಚ್ಚರಿಸಿದ್ದಳು. ಅವಳು ಹೇಳಿದ ಇತಿಹಾಸ ಹೀಗಿತ್ತು. ಒಂದು ವರ್ಷ ಮಾವ ‘ಚೆನ್ನಾಗಿ ಮಾಗಿದ ಗೊಬ್ಬರ, ಎರಡು ಮೂಟೆ’ ಎಂದು ಬರೆದಿದ್ದರು. ಸಿಕ್ಕಿದ್ದು ಗುಲಾಬಿ ವಾಸನೆಯ ಮೇಣದಬತ್ತಿ. ಮರುವರ್ಷ ‘ನನ್ನ ಗಿಡದ ಕತ್ತರಿಗೆ ಸಾಣೆ ಹಿಡಿಸಿ ಕೊಡಿ, ಸಾಕು’ ಎಂದರು. ಹಿಡಿಯ ಮೇಲೆ ಹೂವಿನ ಚಿತ್ರವಿದ್ದ ಹೊಸ ಕತ್ತರಿ ಬಂತು. ಅದರಲ್ಲಿ ದಾರವೂ ತುಂಡಾಗುತ್ತಿರಲಿಲ್ಲ. ‘ಹಳೆಯ ಬಕೆಟ್ಟು, ತೂತಿದ್ದರೂ ಪರವಾಗಿಲ್ಲ’ ಎಂದು ಬರೆದ ವರ್ಷ ಪಿಂಗಾಣಿಯ ಕಪ್ಪೆ ಬಂತು. ಆ ಕಪ್ಪೆ ಈಗಲೂ ಅಂಗಳದ ಮೂಲೆಯಲ್ಲಿ ಮಾವನನ್ನು ನೋಡಿಕೊಂಡು ಕೂತಿದೆ. ಮಾವ ಅದರ ಕಡೆ ಬೆನ್ನು ಹಾಕಿಯೇ ನೀರು ಹಾಕುತ್ತಾರೆ.

“ಹಬ್ಬದ ದಿನ ಗೊಬ್ಬರಕ್ಕೆ ರಿಬ್ಬನ್ ಕಟ್ಟಿ ಕೊಡೋಕಾಗುತ್ತಾ? ಕೊಡೋರಿಗೂ ಒಂದು ಮರ್ಯಾದೆ ಬೇಡ್ವಾ?” ಎಂಬುದು ಅತ್ತೆಯ ವಾದ.

“ಕೇಳಿದ್ದು ಕೊಡೋಕಾಗಲ್ಲ ಅಂದ್ರೆ ಕೇಳೋದ್ಯಾಕೆ? ಬಾಯಿ ತೆಗೀರಿ ಅಂತ ಹೇಳಿ ಕಿವಿ ನೋಡಿದ ಹಾಗಾಯ್ತು” ಎಂಬುದು ಮಾವನ ವಾದ.

ಆ ಭಾನುವಾರ ಡಬ್ಬದೊಳಗೆ ಕೈ ಹಾಕಿದೆ. ಬಂದದ್ದು ಅವರದೇ ಚೀಟಿ. ಮುದ್ದಾದ ಅಕ್ಷರದಲ್ಲಿ ಒಂದೇ ಸಾಲು: ‘ಕುಂಡಕ್ಕೆ ಚುಚ್ಚುವ ತಾಮ್ರದ ಪಟ್ಟಿ, ಐವತ್ತು.’

ನನಗೆ ಸಮಾಧಾನವಾಯಿತು. ಅಂಗಡಿಯಲ್ಲಿ ಸಿಗುವ ವಸ್ತು, ಚೆಂದದ ವಸ್ತು, ಲೆಕ್ಕವೂ ಸ್ಪಷ್ಟ. ಇಷ್ಟು ವರ್ಷ ಯಾರೂ ಕೊಡದಿದ್ದನ್ನು ಹೊಸ ಅಳಿಯ ಕೇಳಿದ ಹಾಗೆಯೇ ಕೊಟ್ಟ ಎನಿಸಿಕೊಳ್ಳಬೇಕು ಎಂಬ ಆಸೆ ಹುಟ್ಟಿತು. ಕೇಳಿದ ಹಾಗೆ ಕೊಟ್ಟು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೆಂಡತಿಗೆ ಚೀಟಿ ತೋರಿಸಿದೆ. ನಿಯಮ ಮುರಿದ ಮೊದಲ ತಪ್ಪು ಅದು. ಅವಳು, “ಬರೀ ಪಟ್ಟಿ ಕೊಟ್ರೆ ತಗಡು ಕೊಟ್ಟ ಹಾಗಿರುತ್ತೆ. ಏನಾದ್ರೂ ಕೆತ್ತಿಸಿ” ಎಂದಳು. ಬಹುಮಾನದ ಕಪ್ಪುಗಳ ಮೇಲೆ ಹೆಸರು ಕೆತ್ತುವ ಅಂಗಡಿಗೆ ಹೋದೆ. ಹಬ್ಬದ ಮುಂಚಿನ ನೂಕುನುಗ್ಗಲು. ಕೆತ್ತುವವನು ತಲೆ ಎತ್ತದೆಯೇ ಹೇಳಿದ: “ಐವತ್ತಕ್ಕೆ ಐವತ್ತು ಹೆಸರು ಅಂದ್ರೆ ಹೊಸ ವರ್ಷ ಕಳೀಲಿ. ಎಲ್ಲದಕ್ಕೂ ಒಂದೇ ಅಂದ್ರೆ ನಾಳೆ ಸಂಜೆ ಬನ್ನಿ. ಏನು ಬರೀಬೇಕು?”

ಗಿಡಗಳೆಲ್ಲ ಗುಲಾಬಿಯೇ ಆಗಿದ್ದವು. ನಾನು, “ಗುಲಾಬಿ” ಎಂದೆ.

ನಾನು ಬೆಳೆದದ್ದು ಹೊಲದ ನಡುವೆ. ಅಲ್ಲಿ ಯಾರೂ ಬೆಳೆಗೆ ಹೆಸರು ಬರೆದು ನಿಲ್ಲಿಸುವುದಿಲ್ಲ; ಬಿತ್ತಿದವನಿಗೆ ಗೊತ್ತಿರುತ್ತದೆ. ಪಟ್ಟಿ ಎಂದರೆ ಪೇಟೆಯವರ ಅಲಂಕಾರ ಎಂದೇ ನಾನು ತಿಳಿದಿದ್ದೆ. ಯಾರಾದರೂ ಕೇಳಿದ್ದರೆ ಅದನ್ನು ಗಟ್ಟಿಯಾಗಿ ವಾದಿಸುತ್ತಲೂ ಇದ್ದೆ.

ಡಿಸೆಂಬರ್ ಇಪ್ಪತ್ತನಾಲ್ಕು ಮಾವನಿಗೆ ವರ್ಷದ ಅತಿ ಕೆಟ್ಟ ದಿನ. ಹಬ್ಬದ ಊಟಕ್ಕೆ ಹಲ್ಲು ಬೇಕೆಂದು ಊರಿನ ಬೊಚ್ಚುಬಾಯಿಗಳೆಲ್ಲ ಕೋಣೆಯ ಮುಂದೆ ಸಾಲು ನಿಲ್ಲುತ್ತವೆ. ಬೆಳಿಗ್ಗೆ ಏಳಕ್ಕೆ ಹೋದವರು ಸಂಜೆವರೆಗೆ ಬರುವುದಿಲ್ಲ. ನಾನೂ ಹೆಂಡತಿಯೂ ಅದೇ ದಿನವನ್ನು ಆರಿಸಿಕೊಂಡೆವು. ಪಟ್ಟಿಗಳನ್ನು ಪೊಟ್ಟಣದಲ್ಲಿ ಕೊಡುವುದಕ್ಕಿಂತ ಕುಂಡಗಳಲ್ಲೇ ಚುಚ್ಚಿ, ಬೆಳಿಗ್ಗೆ ಬಾಗಿಲು ತೆರೆದಾಗ ಬೆರಗಾಗುವಂತೆ ಮಾಡಬೇಕೆಂದುಕೊಂಡಿದ್ದೆವು.

ಕೆಲಸ ಅಂದರೆ ನಾನು ಅರ್ಧಕ್ಕೆ ಬಿಡುವವನಲ್ಲ. ನಲವತ್ತೇಳು ಪ್ಲಾಸ್ಟಿಕ್ ತುಂಡುಗಳನ್ನೂ ಕಿತ್ತೆ. ಎಸೆಯಲಿಲ್ಲ, ಅತ್ತೆಯ ಬೇಸಿನ್ನಿನಲ್ಲಿ ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೂ ತಿಕ್ಕಿ, ಒರೆಸಿ, ಚೀಲದಲ್ಲಿ ಕಟ್ಟಿಟ್ಟೆ. ಕುಂಡಗಳು ಅಡ್ಡಾದಿಡ್ಡಿ ಇದ್ದವು. ದೊಡ್ಡವು ಹಿಂದೆ, ಸಣ್ಣವು ಮುಂದೆ ಎಂದು ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದೆ. ಮಣ್ಣಿನ ಮೇಲೆ ಬಿಳಿ ಕಲ್ಲು ಹರಡಿದೆ. ಎಲ್ಲರಿಗೂ ಮುಖ ಕಾಣುವ ಹಾಗೆ ಮುಂಭಾಗದಲ್ಲಿ ಪಟ್ಟಿ ಚುಚ್ಚಿದೆ. ಕೊನೆಗೆ ನೀರು ಹಾಕಿದೆ. ಮಾವ ಎರಡು ವಾರದ ಹಿಂದೆಯಷ್ಟೇ ಗಿಡಗಳನ್ನು ಸವರಿ, ಎಲೆಯನ್ನೆಲ್ಲ ಕಿತ್ತು, ಗೇಣುದ್ದದ ಬರಿ ಕಡ್ಡಿಗಳನ್ನು ಉಳಿಸಿದ್ದರು. ನಲವತ್ತೇಳು ಮುಳ್ಳುಕಡ್ಡಿ, ನಲವತ್ತೇಳು ಹೊಳೆಯುವ ತಾಮ್ರ. ಅತ್ತೆ ಬಂದು ನೋಡಿ ಕೆನ್ನೆಗೆ ಕೈ ಇಟ್ಟುಕೊಂಡರು. “ಈಗ ನೋಡಿ, ಮನುಷ್ಯರ ಮನೆ ಹಾಗೆ ಕಾಣ್ತಿದೆ.”

ಮರುದಿನ ಬೆಳಿಗ್ಗೆ ಮಾವ ಚಹಾದ ಲೋಟ ಹಿಡಿದು ಹಿತ್ತಲ ಬಾಗಿಲು ತೆರೆದರು. ನಾವು ಮೂವರೂ ಹಿಂದೆ ನಿಂತಿದ್ದೆವು. ಅವರು ಮೆಟ್ಟಿಲಿಳಿದು ಮೊದಲ ಪಟ್ಟಿ ಓದಿದರು. ಎರಡನೆಯದನ್ನು ಓದಿದರು. ಹತ್ತನೆಯದರವರೆಗೂ ಬಗ್ಗಿ ಬಗ್ಗಿ ಓದಿದರು. ಆಮೇಲೆ ನಿಧಾನವಾಗಿ ಲೋಟವನ್ನು ಪಿಂಗಾಣಿ ಕಪ್ಪೆಯ ತಲೆಯ ಮೇಲಿಟ್ಟರು.

“ಗುಲಾಬಿ” ಎಂದರು.

“ಹೌದು ಮಾವ” ಎಂದೆ ನಾನು, ಉಬ್ಬಿ.

“ಇದೂ ಗುಲಾಬಿ. ಅದೂ ಗುಲಾಬಿ.”

“ಐವತ್ತೂ, ಮಾವ. ಮೂರು ಮಿಕ್ಕಿವೆ, ಒಳಗಿಟ್ಟಿದೀನಿ.”

“ನನ್ನ ತುಂಡುಗಳು?”

ಓಡಿಹೋಗಿ ಚೀಲ ತಂದುಕೊಟ್ಟೆ. “ಒಂದೂ ಕಳೆದಿಲ್ಲ. ಎಲ್ಲಾ ತೊಳೆದಿದೀನಿ.”

ಮಾವ ಚೀಲದೊಳಗೆ ಕೈಯಾಡಿಸಿದರು. ಥಳಥಳ ಹೊಳೆಯುವ ನಲವತ್ತೇಳು ತುಂಡುಗಳು ಗಲಗಲ ಸದ್ದು ಮಾಡಿದವು. ಅವರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು. ಬಾಯಿ ತೆರೆದರು. ನನ್ನ ಮುಖ ನೋಡಿದರು. ಮುಚ್ಚಿಕೊಂಡರು.

ಅಳಿಯನನ್ನು ಬೈಯುವಂತಿಲ್ಲ. ಅದೂ ಮೊದಲ ಹಬ್ಬಕ್ಕೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಅಳಿಯನ ಮೇಲಿನ ಆ ಕೋಪ ಎಲ್ಲೆಲ್ಲಿ ಹೋಯಿತೋ ನಾನು ಕಣ್ಣಾರೆ ಕಂಡೆ. ಮೊದಲು ಕಪ್ಪೆಗೆ ಹೋಯಿತು. “ನಗ್ತೀಯಾ? ನಗು, ನಗು” ಎಂದರು. ಆಮೇಲೆ ಅತ್ತೆಗೆ ಹೋಯಿತು. “ನೀನಿದ್ದೆಯಲ್ಲ ಮನೇಲಿ! ಮೂವತ್ತು ವರ್ಷ ನನ್ನ ಜೊತೆ ಬಾಳಿ, ಕಚ್ಚು ಅಂದ್ರೆ ಏನು ಅಂತ ಗೊತ್ತಾಗ್ಲಿಲ್ವಾ ನಿನಗೆ?” ನನ್ನ ಕಡೆ ತಿರುಗಿದಾಗ ಮಾತ್ರ ದನಿ ಮೆತ್ತಗಾಯಿತು. “ಅಳಿಯಂದ್ರೇ, ತುಂಬಾ ಶ್ರಮಪಟ್ಟಿದೀರಿ. ತಿಂಡಿ ಮಾಡಿ ಹೋಗಿ” ಎಂದರು. ಆ ಬಹುವಚನಕ್ಕಿಂತ ಎರಡು ಏಟು ಹಗುರವಾಗಿರುತ್ತಿತ್ತು.

ವಿಷಯ ಏನೆಂದು ಅಡುಗೆಮನೆಯಲ್ಲಿ ಅತ್ತೆ ಹೇಳಿದರು. ಹೇಳುವಾಗ ಅವರೂ ನನ್ನ ಮುಖ ನೋಡಲಿಲ್ಲ. ತಪ್ಪಿನಲ್ಲಿ ಅವರ ಪಾಲೂ ಇತ್ತಲ್ಲ.

ಎರಡು ಬೀದಿ ಆಚೆ ಪೋಸ್ಟಮ್ಮ ಎಂಬ ಹೆಂಗಸು ಇದ್ದರು. ಅಂಚೆ ಕಚೇರಿಯ ಕಿಟಕಿಯಲ್ಲಿ ಜೀವಮಾನವೆಲ್ಲ ಕೂತು ನಿವೃತ್ತರಾದವರು, ಎಂಬತ್ತನಾಲ್ಕು ವಯಸ್ಸು. ಅವರ ಮನೆಯ ಹಿಂಗೋಡೆಗೆ ಅವರ ತಾಯಿ ನೆಟ್ಟ ಗುಲಾಬಿ ಬಳ್ಳಿಯೊಂದು ಹಬ್ಬಿತ್ತು. ಆ ಜಾತಿ ಬೇರೆಲ್ಲೂ ಮಾವನ ಕಣ್ಣಿಗೆ ಬಿದ್ದಿರಲಿಲ್ಲ. ಸೆಪ್ಟೆಂಬರಿನಲ್ಲಿ ಮನೆ ಕೆಡವಿದರು, ಗೋಡೆ ಬಿತ್ತು, ಬಳ್ಳಿಯೂ ಹೋಯಿತು. ಕೆಡವುವ ಮುನ್ನ ಮಾವ ಓಡಿಹೋಗಿ ಇಪ್ಪತ್ತು ಕಡ್ಡಿ ತಂದಿದ್ದರು. ಹತ್ತೊಂಬತ್ತು ಒಣಗಿ, ಒಂದೇ ಒಂದು ಬೇರು ಬಿಟ್ಟಿತ್ತು. ಅದರ ತುಂಡಿಗೆ ಐದು ಕಚ್ಚು. ಪೋಸ್ಟಮ್ಮ ಈಗ ದೂರದ ಊರಿನ ತಂಗಿಯ ಮನೆ ಸೇರಲು ಹೊರಟಿದ್ದರು. ಡಿಸೆಂಬರ್ ಮೂವತ್ತರಂದು ಹೊರಡುವಾಗ ಗಿಡ ಕೈಗಿಡುವುದಾಗಿ ಮಾವ ಮಾತು ಕೊಟ್ಟಿದ್ದರು.

“ಹೂವು ಬಿಟ್ರೆ ಗೊತ್ತಾಗುತ್ತಲ್ಲ ಅತ್ತೆ?” ಎಂದೆ.

“ಹೂವು ಬಿಡೋಕೆ ನಾಲ್ಕೈದು ತಿಂಗಳು. ಅವರು ಹೋಗೋದು ಇನ್ನು ಐದು ದಿನಕ್ಕೆ.”

ನಾನು ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದೆ.

ಎರಡು ದಿನ ಮಾವ ಅಂಗಳ ಬಿಟ್ಟು ಏಳಲಿಲ್ಲ. ಕಣ್ಣಿಗೆ ಸಿಕ್ಕಿಸುವ ಮಸೂರ ಹಾಕಿಕೊಂಡು ಕಡ್ಡಿ ಕಡ್ಡಿಯನ್ನೂ ನೋಡಿದರು. ಮುಳ್ಳು ಬಾಗಿದ್ದು, ನೇರ ಇದ್ದದ್ದು, ತೊಗಟೆ ಕೆಂಪಿದ್ದದ್ದು ಎಂದು ಬೇರೆ ಮಾಡಿದರು. ಮೂವತ್ತೆಂಟು ಕುಂಡ ಅಲ್ಲ ಎಂದು ಪಕ್ಕಕ್ಕೆ ಸರಿದವು. ಉಳಿದ ಒಂಬತ್ತು ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಕುಂಡಗಳನ್ನು ಇಟ್ಟಲ್ಲೇ ಬಿಟ್ಟಿದ್ದರೆ ಜಾಗದ ನೆನಪಿನಿಂದಲೇ ಹೇಳುತ್ತಿದ್ದರು. ತುಂಡುಗಳನ್ನು ತೊಳೆಯದಿದ್ದರೆ ಅಂಟಿದ ಮಣ್ಣನ್ನು ಕುಂಡಗಳ ಮಣ್ಣಿಗೆ ಹೋಲಿಸಿ ಹೇಳುತ್ತಿದ್ದರು. ಪೋಸ್ಟಮ್ಮನ ಗಿಡದ ಕುಂಡಕ್ಕೆ ಮಾತ್ರ ಕೆಂಪು ಮಣ್ಣನ್ನೂ ಬೆರೆಸಿದ್ದರಂತೆ, ಆದರೆ ಅಡಿಯಲ್ಲಿ, ಬೇರಿನ ಹತ್ತಿರ. ಇದನ್ನು ಅವರು ನನಗೆ ಹೇಳಲಿಲ್ಲ. ನಾನಿರುವಾಗ ಕಪ್ಪೆಗೆ ಹೇಳಿದರು. ಕುಂಡ ಬೋರಲು ಹಾಕಿ ಬೇರು ನೋಡಬಹುದಲ್ಲ ಎಂದು ನಾನು ಬಾಯಿ ಹಾಕಿದೆ.

“ಎಳೇ ಬೇರು ಅಳಿಯಂದ್ರೇ. ಸಡಿಲ ಮಾಡಿದ್ರೆ ಸಾಯುತ್ತೆ. ಆಮೇಲೆ ಇದೇ ಅವರ ಗಿಡ ಅಂತ ಖಂಡಿತ ಹೇಳಬಹುದು.”

ಮೂರನೆಯ ದಿನ ನಾನು ಧೈರ್ಯ ಮಾಡಿ, “ಒಂಬತ್ತನ್ನೂ ಕೊಟ್ಟುಬಿಡೋಣ ಮಾವ. ಒಂದಲ್ಲ ಒಂದು ಅವರದೇ ತಾನೆ?” ಎಂದೆ.

ಅವರು ಮಸೂರ ತೆಗೆದರು. “ಒಂಬತ್ತು ಸೆಟ್ಟು ಹಲ್ಲು ಮುಂದಿಟ್ಟು, ನಿಮ್ಮದು ಯಾವುದೋ ನೋಡ್ಕೊಳ್ಳಿ ತಾಯಿ ಅಂತ ಹೇಳಿ ಕಳಿಸ್ಲಾ? ಮೂವತ್ತೆರಡು ವರ್ಷ ಮಾಡಿದ ಕೆಲಸಕ್ಕೆ ಇದೇನಾ?” ಎಂದವರು ಸಿಟ್ಟಿಗೆ ಎದುರಿದ್ದ ಕುಂಡದ ಬಿಳಿ ಕಲ್ಲುಗಳನ್ನು ಕೈಯಿಂದ ಬಾಚಿ ನೆಲಕ್ಕೆಸೆದರು. ಎಸೆದ ಕೈ ಹಾಗೇ ನಿಂತಿತು.

ಕಲ್ಲಿನ ಕೆಳಗೆ, ಮಣ್ಣಿನಲ್ಲಿ, ಒಂದು ತೂತು. ನಾನು ತುಂಡು ಕಿತ್ತ ಜಾಗ. ಹೊಸ ಪಟ್ಟಿಯನ್ನು ಮುಂಭಾಗದಲ್ಲಿ ಚುಚ್ಚಿದ್ದರಿಂದ ಹಳೆಯ ತೂತು ಹಾಗೆಯೇ ಉಳಿದಿತ್ತು. ಮಾವನ ಮಣ್ಣು ಜಿಗುಟು. ಹಿಡಿದ ಆಕಾರ ಬಿಡುವುದಿಲ್ಲ. ಒಡೆದ ಪ್ಲಾಸ್ಟಿಕ್ ತುಂಡುಗಳಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ.

“ಲೇ, ಪ್ಲಾಸ್ಟರ್ ಡಬ್ಬ ತಾ” ಎಂದು ಅತ್ತೆಯನ್ನು ಕೂಗಿದರು. “ಖಾಲಿದಲ್ಲ, ತುಂಬಿರೋದು!”

ಬಾಯಿಯ ಅಚ್ಚು ತೆಗೆಯುವ ಕೈ ಅದು. ಪ್ಲಾಸ್ಟರನ್ನು ಮಜ್ಜಿಗೆಯ ಹಾಗೆ ತೆಳ್ಳಗೆ ಕಲಸಿ, ದಪ್ಪ ಸಿರಿಂಜಿನಲ್ಲಿ ಎಳೆದು, ಒಂಬತ್ತು ಕುಂಡದ ತೂತಿಗೂ ತೊಟ್ಟು ತೊಟ್ಟಾಗಿ ಇಳಿಬಿಟ್ಟರು. ಗಟ್ಟಿಯಾಗುವವರೆಗೆ ಕಾದೆವು. ಆಮೇಲೆ ಒಂದೊಂದೇ ಎತ್ತಿದರು. ಮೊದಲ ಅಚ್ಚು ಬೆರಳಿನಷ್ಟು ಉದ್ದ ಬಂತು. ಚೀಲದಿಂದ ತುಂಡುಗಳನ್ನು ಹಿಡಿದು ಹಿಡಿದು ನೋಡಿದರು. ನಾಲ್ಕು ಕಚ್ಚಿನ ತುಂಡಿಗೆ ಸರಿಯಾಗಿ ಕೂತಿತು. ಮಾವ ಆ ದಿನಗಳಲ್ಲಿ ಮೊದಲ ಸಲ ನಕ್ಕರು. “ಕಚ್ಕೊಂಡಿತು ನೋಡು” ಎಂದರು.

ಆರು ಅಚ್ಚು ಸರಿಯಾಗಿ ಬಂದವು. ಆರಕ್ಕೂ ಆರು ತುಂಡು ಹೊಂದಿದವು. ಅವುಗಳಲ್ಲಿ ಐದು ಕಚ್ಚಿನದು ಇರಲಿಲ್ಲ. ಉಳಿದ ಮೂರು ಕುಂಡಗಳಲ್ಲಿ ತೂತು ಕುಸಿದು ಪ್ಲಾಸ್ಟರು ಸುಮ್ಮನೆ ಮುದ್ದೆಯಾಗಿತ್ತು.

“ಈ ಮೂರಕ್ಕೆ ಮಾತ್ರ ಯಾಕೆ ಹೀಗಾಯ್ತು?” ಎಂದು ಮಾವ ತಮ್ಮಷ್ಟಕ್ಕೆ ಕೇಳಿಕೊಂಡರು.

ನನಗೆ ಗೊತ್ತಿತ್ತು. ಆ ದಿನ ಕೊನೆಯಲ್ಲಿ ನೀರು ಮಿಕ್ಕಿತ್ತು. ಚೆಲ್ಲಬಾರದೆಂದು, ಮುಂದಿನ ಸಾಲಿನ ಮೂರು ಕುಂಡಗಳಿಗೆ ಎರಡೆರಡು ಸಲ ಹಾಕಿದ್ದೆ. ಹೇಳಿದೆ. ಹೇಳದೆ ಇರಬಹುದಿತ್ತು.

ಮಾವ ಎದ್ದು ಹೋಗಿ ಕೈ ತೊಳೆದರು. ಬಹಳ ಹೊತ್ತು ತೊಳೆದರು.

ಮೂವತ್ತರ ಬೆಳಿಗ್ಗೆ ಮೂರು ಕುಂಡಗಳನ್ನು ಹೊತ್ತು ಪೋಸ್ಟಮ್ಮನ ಬಾಡಿಗೆ ಕೋಣೆಗೆ ಹೋದೆವು. ಎರಡು ನನ್ನ ಕೈಯಲ್ಲಿ, ಒಂದು ಮಾವನ ಕೈಯಲ್ಲಿ. ಬಾಗಿಲಲ್ಲಿ ಕಾರು ನಿಂತಿತ್ತು. ಅವರ ತಂಗಿಯ ಮಗ ಪೆಟ್ಟಿಗೆಗಳನ್ನು ತುರುಕಿ, ಮೇಲೆ ಹಾಸಿಗೆಯ ಸುರುಳಿ ಕಟ್ಟಿ ಬೆವರುತ್ತಿದ್ದ. ನಮ್ಮನ್ನು ಕಂಡವನೇ, “ಒಂದೇ ಅಂದಿದ್ರಲ್ಲ ಸಾರ್! ದೊಡ್ಡಮ್ಮನ ಕಾಲ ಹತ್ರ ಒಂದು ಕುಂಡಕ್ಕೆ ಜಾಗ ಇದೆ. ಮೂರಾದ್ರೆ ದೊಡ್ಡಮ್ಮನ್ನ ಇಳಿಸಿ ಹೋಗಬೇಕು” ಎಂದ.

ಪೋಸ್ಟಮ್ಮ ಸಣ್ಣಗೆ, ನೆಟ್ಟಗೆ, ಖಾಲಿ ಕೋಣೆಯ ನಡುವಿನ ಸ್ಟೂಲಿನ ಮೇಲೆ ಕೂತಿದ್ದರು. ಬಾಯಿ ತುಂಬ ಮಾವ ಕಟ್ಟಿದ ಹಲ್ಲು. “ಯಾವುದಪ್ಪ ನಮ್ಮಮ್ಮಂದು?” ಎಂದರು.

ಮಾವನಿಗೆ ಆ ಮಾತು ಹೇಳಲು ಎಷ್ಟು ಹೊತ್ತು ಬೇಕಾಯಿತೆಂದರೆ, ಹೊರಗೆ ಕಾರಿನ ಡಿಕ್ಕಿ ಎರಡು ಸಲ ಮುಚ್ಚದೆ ಮೂರನೆಯ ಸಲ ಮುಚ್ಚಿತು. “ಗೊತ್ತಿಲ್ಲಮ್ಮ. ಮೂರರಲ್ಲೊಂದು.”

“ನಿನಗೇ ಗೊತ್ತಿಲ್ವಾ? ನನ್ನ ಬಾಯಲ್ಲಿ ಹಲ್ಲು ಎಷ್ಟು ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು.”

“ಗುರುತು ಬೆರೆತುಹೋಯ್ತು.” ಯಾರು ಬೆರೆಸಿದ್ದು ಎಂದು ಅವರು ಹೇಳಲಿಲ್ಲ. ನಾನೇ ಹೇಳಿದೆ. ತೊಳೆದದ್ದನ್ನೂ ಹೇಳಿದೆ, ಬ್ರಷ್ಷನ್ನೂ ಹೇಳಿದೆ.

ಪೋಸ್ಟಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಮ್ಮ ಅಂಚೆ ಕಚೇರಿಗೂ ಹೀಗೇ ಒಬ್ಬ ಬಂದಿದ್ದ. ಮೊದಲ ದಿನವೇ, ಊರಿನ ಪ್ರಕಾರ ಇಟ್ಟಿದ್ದ ಕಾಗದಗಳನ್ನೆಲ್ಲ ಅಕ್ಷರ ಚೆನ್ನಾಗಿರೋದು, ಚೆನ್ನಾಗಿಲ್ಲದ್ದು ಅಂತ ಬೇರೆ ಮಾಡಿಟ್ಟಿದ್ದ. ಊರುಗಳೆಲ್ಲ ಕಲಸಿಹೋದ್ವು. ಪಾಪ, ಅಷ್ಟು ಕಷ್ಟಪಟ್ಟಿದ್ದ, ಬೈಯೋಕೂ ಆಗಲಿಲ್ಲ.” ಆಮೇಲೆ ಮಾವನ ಕಡೆ ತಿರುಗಿ, “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಎರಡನ್ನೂ ನೀನೇ ಕೊಡ್ತೀಯ ಅಂತ ಕಾದಿದ್ದೆ” ಎಂದರು. ನಗುತ್ತಲೇ ಹೇಳಿದರು. ಆದರೆ ಮಾವ ತಲೆ ತಗ್ಗಿಸಿದರು.

“ಹೋಗಲಿ, ತೊಳೆದ ಕೈಯೇ ಆರಿಸಲಿ. ತೋರಿಸಪ್ಪ ಒಂದು.”

“ಬೇಡಮ್ಮ...” ಎಂದು ಮಾವ ಅರ್ಧಕ್ಕೇ ನಿಲ್ಲಿಸಿದರು.

ನಾನು ನಡುವಿನದನ್ನು ತೋರಿಸಿದೆ. ಕಡ್ಡಿ ದಪ್ಪಗಿತ್ತು, ಅಷ್ಟೇ ಕಾರಣ. ಕುಂಡ ಕಾರಿಗೆ ಹೋಯಿತು. ಪೋಸ್ಟಮ್ಮ ಅದರ ಎರಡು ಬದಿಗೂ ಕಾಲಿಟ್ಟು ಕೂತರು. ಬೀದಿಯ ತಿರುವಿನವರೆಗೂ ಮಾವ ನೋಡುತ್ತ ನಿಂತಿದ್ದರು. ವಾಪಸು ಬರುವಾಗ ಅವರ ಕೈಯಲ್ಲೊಂದು ಕುಂಡ, ನನ್ನ ಕೈಯಲ್ಲೊಂದು ಕುಂಡ.

ಮುಂದಿನ ನಾಲ್ಕು ತಿಂಗಳು, ನೀರು ಹಾಕುವ ಮಾವನನ್ನು ಬಿಟ್ಟರೆ, ಆ ಎರಡು ಕುಂಡಗಳ ಹತ್ತಿರ ಯಾರೂ ಸುಳಿಯಲಿಲ್ಲ. ಮಾವ ಉಳಿದ ಗಿಡಗಳನ್ನು ಒಂದೊಂದಾಗಿ ಗುರುತು ಹಿಡಿದರು. ನನ್ನ ತಾಮ್ರದ ಪಟ್ಟಿಗಳನ್ನು ಬಿಸಾಡಲಿಲ್ಲ. ಹಲ್ಲು ಕೊರೆಯುವ ಯಂತ್ರದಿಂದ ಹಿಂಬದಿಯಲ್ಲಿ ಕಚ್ಚು ಹಾಕಿ, ತಿರುಗಿಸಿ ಚುಚ್ಚಿದರು. ಈಗ ‘ಗುಲಾಬಿ’ ಎಂಬುದು ಗೋಡೆಗೆ ಕಾಣುತ್ತದೆ.

ಏಪ್ರಿಲ್ ಕೊನೆಯಲ್ಲಿ ಮೊದಲ ಕುಂಡದಲ್ಲಿ ಹೂ ಬಿಟ್ಟಿತು. ಕಡುಗೆಂಪು. ಮಾವ ‘ಹೂಂ’ ಎಂದು ಅದನ್ನು ಅದರ ಸಾಲಿಗೆ ಸೇರಿಸಿದರು. ಈಗ ಉಳಿದಿದ್ದು ಒಂದು. ಅದರ ಮೊಗ್ಗು ವಾರವಿಡೀ ಬಿಗಿದುಕೊಂಡಿತ್ತು. ಒಂದು ಬೆಳಿಗ್ಗೆ ಅದರ ತುದಿ ಬಿರಿದು ಒಳಗಿನ ಬಣ್ಣ ಕಂಡಿತು. ಬೆಣ್ಣೆಯಂಥ ತೆಳು ಹಳದಿ. ಪೋಸ್ಟಮ್ಮನ ಹಿಂಗೋಡೆಯ ಹೂವಿನ ಬಣ್ಣ.

ಅಂದೇ ಮಧ್ಯಾಹ್ನ ಫೋನು ಬಂತು. ಪೋಸ್ಟಮ್ಮನಿಗೆ ಕಿವಿ ಮಂದ. ಅವರು ಮಾತಾಡುವುದು ಇಡೀ ಮನೆಗೆ ಕೇಳುತ್ತದೆ.

“ಹೂವು ಬಿಡ್ತಪ್ಪಾ! ಅಮ್ಮಂದೇ! ಅದೇ ಪರಿಮಳ, ಅದೇ ಬಣ್ಣ!”

ಮಾವ ಗೋಡೆಗೆ ಒರಗಿದರು. “ಬಣ್ಣ ಯಾವುದಮ್ಮ?”

“ನಸುಗೆಂಪು.”

ಆ ಕಡೆಯಿಂದ ಇನ್ನೊಂದು ಮುದಿ ದನಿ ಕೇಳಿಸಿತು. “ಅಮ್ಮಂದು ಹಳದಿ ಕಣೇ ಅಕ್ಕಾ! ನಾಲ್ಕು ದಿನದಿಂದ ಬಡ್ಕೋತಿದೀನಿ!”

“ನಿನಗೇನು ಗೊತ್ತು? ನೀನಾಗ ತೊಟ್ಟಿಲಲ್ಲಿ ಬೆರಳು ಚೀಪ್ತಿದ್ದೆ” ಎಂದು ಪೋಸ್ಟಮ್ಮ ಗದರಿದರು. ಆಮೇಲೆ ಫೋನಿಗೆ, “ಇವಳ ಮಾತು ಬಿಡು. ನೀನು ಚಿಂತೆ ಮಾಡ್ಬೇಡ. ನಿನ್ನ ಅಳಿಯಂಗೂ ಹೇಳು. ಸರಿಯಾಗೇ ಆರಿಸಿದ ಅಂತ ಹೇಳು” ಎಂದರು.

ಫೋನು ಇಟ್ಟ ಮೇಲೆ ಮಾವ ಮೇಜಿನ ಎದುರು ಕೂತು ಎರಡು ಅಂಗೈಯಿಂದ ಮುಖ ಉಜ್ಜಿಕೊಂಡರು. “ಕೆಲವರು ಹೀಗೇ” ಎಂದರು. “ಸೆಟ್ಟು ಸಡಿಲ ಇರುತ್ತೆ, ವಸಡು ಹುಣ್ಣಾಗಿರುತ್ತೆ. ಕೇಳಿದ್ರೆ, ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ. ನಾನು ಬೇಜಾರು ಮಾಡ್ಕೋಬಾರದು ಅಂತ. ಅಂಥೋರ ಹತ್ರ ಏನು ಮಾಡೋದು?”

“ನಿಜವಾಗ್ಲೂ ಅವರಿಗೆ ನೆನಪಿಲ್ಲದೆ ಇರಬಹುದು” ಎಂದಳು ನನ್ನ ಹೆಂಡತಿ.

“ಅದು ಇನ್ನೂ ಕೆಟ್ಟದ್ದು” ಎಂದರು ಮಾವ.

ನಾಳೆಯೇ ಕುಂಡ ತೆಗೆದುಕೊಂಡು ಹೋಗುತ್ತೇನೆ ಎಂದೆ. ಹೂವಿನ ಕಾಲದಲ್ಲಿ, ಈ ಬಿಸಿಲಲ್ಲಿ, ಆರು ಗಂಟೆಯ ಬಸ್ಸಿನ ದಾರಿಯಲ್ಲಿ ಎಳೇ ಗಿಡ ಉಳಿಯುವುದಿಲ್ಲವಂತೆ. ಎಲೆ ಕಿತ್ತು, ಗಿಡ ನಿದ್ದೆ ಹೋದ ಮೇಲೆಯೇ ಸಾಗಿಸಬೇಕು. ಅಂದರೆ ಮತ್ತೆ ಡಿಸೆಂಬರ್. ಅಲ್ಲಿಯವರೆಗೆ ಎಂಬತ್ತೈದರ ಆ ಜೀವ ಕಾಯಬೇಕು.

ಆವತ್ತಿನಿಂದ ಮಾವ ಪ್ರತಿ ಸೋಮವಾರ ಪೋಸ್ಟಮ್ಮನಿಗೆ ಫೋನು ಮಾಡತೊಡಗಿದರು. “ಹಲ್ಲು ಸರಿಯಾಗಿ ಕೂರ್ತಿದೆಯಾ ಅಮ್ಮಾ?” ಇಷ್ಟೇ ಪ್ರಶ್ನೆ. “ನಿನ್ನ ಹಲ್ಲಿಗೇನಪ್ಪ, ನಾನು ಹೋದ್ಮೇಲೂ ಇರುತ್ತೆ” ಎಂದು ಆ ಕಡೆಯಿಂದ ಉತ್ತರ. ಆ ಉತ್ತರ ಮಾವನಿಗೆ ಬೇಕಾದದ್ದಕ್ಕೆ ತದ್ವಿರುದ್ಧ. ಗಿಡದ ವಿಷಯ ಒಂದು ದಿನವೂ ಎತ್ತಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ, ಕೈಯಲ್ಲಿ ಇಡುವ ಮಾತು ಎನ್ನುತ್ತಿದ್ದರು. ಒಂದು ಸೋಮವಾರ ಯಾರೂ ಫೋನು ಎತ್ತಲಿಲ್ಲ. ಮಾವ ಎರಡು ಸೆಟ್ಟುಗಳಿಗೆ ಮೇಲಿನ ಹಲ್ಲು ಕೆಳಗೆ ಜೋಡಿಸಿ, ಮತ್ತೆ ಬಿಚ್ಚಿದರು. ಸಂಜೆ ಗೊತ್ತಾಯಿತು, ಅಕ್ಕತಂಗಿಯರು ಮದುವೆಗೆ ಹೋಗಿದ್ದರು.

ನವೆಂಬರ್ ಕೊನೆಯ ಭಾನುವಾರ ಪ್ಲಾಸ್ಟರ್ ಡಬ್ಬ ಮತ್ತೆ ಮೇಜಿಗೆ ಬಂತು. ಎಲ್ಲರೂ ಬರೆದು ಹಾಕಿದೆವು. ಮಾವ ತಮ್ಮ ಚೀಟಿಯನ್ನು ಡಬ್ಬಕ್ಕೆ ಹಾಕಲಿಲ್ಲ. ಮೇಜನ್ನು ಸುತ್ತಿಕೊಂಡು ಬಂದು ನೇರ ನನ್ನ ಕೈಗೆ ಕೊಟ್ಟರು.

“ನಿಯಮ ಏನಾಯ್ತು?” ಎಂದು ಅತ್ತೆ ಕೂಗಿದರು.

“ನಿಯಮದ ಪ್ರಕಾರ ಕೇಳಿಯೇ ನನಗೆ ಕಪ್ಪೆ ಸಿಕ್ಕಿದ್ದು” ಎಂದರು ಮಾವ.

ಚೀಟಿ ಬಿಡಿಸಿದೆ. ಈ ಸಲ ಒಂದೇ ಸಾಲು ಇರಲಿಲ್ಲ. ‘ಡಿಸೆಂಬರ್ ಇಪ್ಪತ್ತಾರು, ಒಂದು ದಿನದ ರಜೆ. ಮೊದಲ ಬಸ್ಸು. ಕುಂಡವನ್ನು ಕಾಲ ಹತ್ತಿರ ಇಡಬಾರದು, ತೊಡೆಯ ಮೇಲೆ. ನೀರು ಹಾಕಬಾರದು. ಒರೆಸಬಾರದು. ಏನೂ ಸೇರಿಸಬಾರದು.’

“ಬರ್ತೀನಿ ಮಾವ” ಎಂದೆ. ಎದ್ದು ಹಿತ್ತಲಿಗೆ ಹೋಗಿ ಆ ಕುಂಡದ ಮುಂದೆ ಕೂತೆ. ಹಳದಿ ಗಿಡದ ತಾಮ್ರದ ಪಟ್ಟಿಯ ಬೆನ್ನಿನಲ್ಲಿ ಐದು ಕಚ್ಚುಗಳಿದ್ದವು. ಮಳೆಗೆ ಸಿಡಿದ ಕೆಸರು ಅದಕ್ಕೆ ಮೆತ್ತಿ ಒಣಗಿತ್ತು. ಕಚ್ಚು ಸರಿಯಾಗಿ ಕಾಣಲೆಂದು ಹೆಬ್ಬೆರಳು ಚಾಚಿದೆ, ಅಷ್ಟೇ.

“ಅಳಿಯಂದ್ರೇ!” ಬಾಗಿಲಿನಿಂದ ಮಾವ ಅಬ್ಬರಿಸಿದರು. ನನ್ನ ಮೇಲೆ ಅವರು ದನಿ ಎತ್ತಿದ್ದು ಅದೇ ಮೊದಲು. “ಕೈ ತೆಗೀರಿ ಅಲ್ಲಿಂದ!”

ತೆಗೆದೆ.